ಗೋಬರ್ ಗ್ಯಾಸ್‌ನಿಂದ ಸಿಬಿಜಿ ಮಾಡಬೇಕು, ಗಂಧಕ ತೆಗೆಯೋದು ಹೇಗೆ? (ಕಾರಟಗಿ, ದಿನಕ್ಕೆ 500 ಘನ ಮೀಟರ್)

ಕಾರಟಗಿ_ಗೋಬರ್:

ಎಲ್ಲರಿಗೂ ನಮಸ್ಕಾರ. ಕಾರಟಗಿ ಹತ್ತಿರ ನಾವು ಕೆಲವು ರೈತರು ಸೇರಿ ಗೋಬರ್ ಗ್ಯಾಸ್ ಪ್ಲಾಂಟ್ ನಡೆಸುತ್ತಿದ್ದೇವೆ. ದಿನಕ್ಕೆ ಸುಮಾರು 8 ಟನ್ ಸಗಣಿ, ಜೊತೆಗೆ 2 ಟನ್ ಕೋಳಿಗೊಬ್ಬರ ಹಾಕುತ್ತೇವೆ. ಹತ್ತಿರ ಹತ್ತಿರ 500 ಘನ ಮೀಟರ್ ಗ್ಯಾಸ್ ಬರುತ್ತದೆ. ಇಲ್ಲಿವರೆಗೆ ಅದರಲ್ಲಿ ಜನರೇಟರ್ ಓಡಿಸಿ ಪಕ್ಕದ ಅಕ್ಕಿ ಗಿರಣಿಗೆ ಕರೆಂಟ್ ಕೊಡುತ್ತಿದ್ದೆವು. ಈಗ ಅದೇ ಗ್ಯಾಸನ್ನು ಶುದ್ಧ ಮಾಡಿ, ಒತ್ತಡದಲ್ಲಿ ಸಿಲಿಂಡರ್‌ಗೆ ತುಂಬಿ ಸಿಬಿಜಿ (ಕಂಪ್ರೆಸ್ಡ್ ಬಯೋಗ್ಯಾಸ್) ಅಂತ ಮಾರುವ ಯೋಚನೆ ಇದೆ.

ತೊಂದರೆ ಗಂಧಕದ್ದು. ಎಂಜಿನ್ ಆಯಿಲ್ ಅವಧಿಗೆ ಮುಂಚೆಯೇ ಕಪ್ಪಾಗಿ ಗಟ್ಟಿಯಾಗುತ್ತದೆ. ಮೊನ್ನೆ ಪ್ರೆಶರ್ ಗೇಜ್ ಮುಳ್ಳು ಅಲುಗಾಡುವುದೇ ನಿಂತಿತ್ತು. ಬಿಚ್ಚಿ ನೋಡಿದರೆ ಒಳಗಿನ ಬಾಗಿದ ಕೊಳವೆ ಪೂರ್ತಿ ಕಪ್ಪಾಗಿದೆ, ಉಗುರಿನಲ್ಲಿ ಕೆರೆದರೆ ಪದರ ಪದರ ಉದುರುತ್ತದೆ, ಬಾಗಿದ ಕಡೆ ಕೂದಲೆಳೆಯಷ್ಟು ಬಿರುಕು ಬೇರೆ. ಬಾಡಿಗೆಗೆ ಅನಲೈಸರ್ ತರಿಸಿ ನೋಡಿದೆವು: ಎಚ್‌ಟುಎಸ್ (ಗಂಧಕ ಇರುವ ಹೈಡ್ರೋಜನ್ ಸಲ್ಫೈಡ್ ಗ್ಯಾಸ್) 3,000 ಪಿಪಿಎಂ (ಹತ್ತು ಲಕ್ಷದಲ್ಲಿ 3,000 ಪಾಲು) ಆಸುಪಾಸು, ಕೋಳಿಗೊಬ್ಬರ ಜಾಸ್ತಿ ಬಿದ್ದ ದಿನ ಇನ್ನೂ ಮೇಲೆ. ಮೀಥೇನ್ 55 ಶೇಕಡಾ.

ಕೊಟೇಶನ್ ಕೊಟ್ಟವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಬ್ಬರು ಪಿಎಸ್‌ಎ (ಒತ್ತಡದಲ್ಲಿ ಕಾರ್ಬನ್ ಡೈಆಕ್ಸೈಡ್ ಬೇರೆ ಮಾಡುವ ಯಂತ್ರ) ತಗೊಳ್ಳಿ, ಗಂಧಕದ ಫಿಲ್ಟರ್ ಬೇಕಾದರೆ ಆಮೇಲೆ ಹಾಕಿಸಿಕೊಳ್ಳಿ ಅಂತಾರೆ. ಇನ್ನೊಬ್ಬರು ನೀರಿನ ಸ್ಕ್ರಬ್ಬರ್ (ಗ್ಯಾಸನ್ನು ನೀರಲ್ಲಿ ತೊಳೆಯುವ ಕಾಲಂ) ಒಂದೇ ಸಾಕು, ಅದರಲ್ಲೇ ಗಂಧಕ, ಕಾರ್ಬನ್ ಡೈಆಕ್ಸೈಡ್ ಎರಡೂ ಹೋಗುತ್ತೆ ಅಂತಾರೆ. ನಮ್ಮ ಮೆಕ್ಯಾನಿಕ್ ಲೇತ್ ಅಂಗಡಿಯ ಕಬ್ಬಿಣದ ಸುರುಳಿ ಡ್ರಮ್ಮಿಗೆ ತುಂಬೋಣ ಅಂತಾನೆ. ಸಂಡೂರು ಇಷ್ಟು ಹತ್ತಿರ ಇರುವಾಗ ಅದಿರಿನ ಪುಡಿಯನ್ನೇ ತುಂಬಿದರೆ ಆಗಲ್ವಾ ಅಂತ ನಮ್ಮಲ್ಲೇ ಒಬ್ಬರು ಕೇಳಿದರು. ಯಾವುದು ಸರಿ? ಕೈಯಿಂದ ದುಡ್ಡು ಹಾಕುವವರು ನಾವೇ, ಅದಕ್ಕೆ ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಹಜೀರಾ_ಟು_ಕೊಪ್ಪಳ:

ಅಣ್ಣ, ನಾನು ಕೊಪ್ಪಳದವನು. ಗುಜರಾತ್ ಕಡೆ ಗ್ಯಾಸ್ ಪ್ಲಾಂಟ್‌ನಲ್ಲಿ ಆಪರೇಟರ್ ಆಗಿದ್ದೆ, ಈಗ ಊರಿಗೆ ಬಂದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಂಧಕದ ಫಿಲ್ಟರ್ ಆಮೇಲೆ ಹಾಕಿಸಿಕೊಳ್ಳಿ ಅಂದವರಿಂದ ಪಿಎಸ್‌ಎ ತಗೋಬೇಡಿ. ಪಿಎಸ್‌ಎ ಒಳಗಿರುವ ಕಾಳಿನಂಥ ಮೀಡಿಯಾಗೆ ಎಚ್‌ಟುಎಸ್ ಒಮ್ಮೆ ಅಂಟಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಇಡೀ ಯಂತ್ರದಲ್ಲಿ ದುಬಾರಿ ಮಾಲು ಅದೇ, ಅದೇ ಮೊದಲು ಹಾಳಾಗುತ್ತದೆ. ಗಂಧಕ ಮೊದಲು, ಕಾರ್ಬನ್ ಡೈಆಕ್ಸೈಡ್ ಆಮೇಲೆ. ಈ ಕ್ರಮ ತಪ್ಪಿಸಬಾರದು.

ದೊಡ್ಡ ಪ್ಲಾಂಟ್‌ಗಳಲ್ಲಿ ಏನು ಮಾಡುತ್ತಾರೆ ಅಂದರೆ, ಅರಬ್ಬಿ ಸಮುದ್ರದ ಬಸೀನ್ ಗ್ಯಾಸ್ ಕ್ಷೇತ್ರದ ಕಡೆಯಿಂದ ಸಮುದ್ರದೊಳಗಿನ ಪೈಪ್‌ನಲ್ಲಿ ಹಜೀರಾಕ್ಕೆ ಬರುವ ಹುಳಿ ಗ್ಯಾಸ್ (ಎಚ್‌ಟುಎಸ್ ಇರುವ ಗ್ಯಾಸ್) ಇದೆಯಲ್ಲ, ಅಂಥದ್ದನ್ನು ಅಮೀನ್ ಅನ್ನುವ ರಾಸಾಯನಿಕದ ದ್ರಾವಣದಲ್ಲಿ ತೊಳೆಯುತ್ತಾರೆ. ಎತ್ತರದ ಕಾಲಂನಲ್ಲಿ ಗ್ಯಾಸ್ ಕೆಳಗಿಂದ ಮೇಲೆ, ಅಮೀನ್ ಮೇಲಿಂದ ಕೆಳಗೆ. ಅಮೀನ್ ಗಂಧಕ ಹಿಡಿದುಕೊಂಡು ಬರುತ್ತದೆ, ಅದನ್ನು ಕಾಯಿಸಿ ಗಂಧಕ ಬಿಡಿಸಿ ಅದೇ ಅಮೀನನ್ನು ಮತ್ತೆ ಮೇಲಕ್ಕೆ ಕಳಿಸುತ್ತಾರೆ. ಬಿಟ್ಟುಬಂದ ಎಚ್‌ಟುಎಸ್‌ನಿಂದ ಹಳದಿ ಗಂಧಕ ಮಾಡುವ ಘಟಕ ಬೇರೆ. ಆಮೇಲೆ ಗ್ಲೈಕಾಲ್‌ನಲ್ಲಿ ತೇವ ತೆಗೆಯುತ್ತಾರೆ. ಇದಕ್ಕೆಲ್ಲ ಸ್ಟೀಮ್ ಬೇಕು, ಶಿಫ್ಟ್‌ಗೆ ಜನ ಬೇಕು, ಲ್ಯಾಬ್ ಬೇಕು. ಅಮೀನ್ ನೊರೆ ಎದ್ದರೆ ಇಡೀ ದಿನ ಹೋಯಿತು. ಚಿಕ್ಕ ಪ್ಲಾಂಟ್‌ಗೆ ಇದು ಹೊಂದಲ್ಲ, ಯಾರಾದರೂ ಚಿಕ್ಕ ಅಮೀನ್ ಯೂನಿಟ್ ಮಾರಲು ಬಂದರೆ ತುಂಬಾ ಯೋಚಿಸಿ.

ಚಿಕ್ಕ ಪ್ಲಾಂಟ್‌ನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ, ದಿನಕ್ಕೆ ಎಷ್ಟು ಕಿಲೋ ಗಂಧಕ ತೆಗೆಯಬೇಕು? ಪಿಪಿಎಂ ನೋಡಿ ಹೆದರಬೇಡಿ, ಕಿಲೋ ನೋಡಿ. 1 ಪಿಪಿಎಂ ಎಚ್‌ಟುಎಸ್ ಅಂದರೆ ಘನ ಮೀಟರಿಗೆ ಸುಮಾರು 1.4 ಮಿಲಿಗ್ರಾಂ. ನಿಮ್ಮದು 3,000, ಅಂದರೆ ಘನ ಮೀಟರಿಗೆ 4.2 ಗ್ರಾಂ. 500 ಘನ ಮೀಟರಿಗೆ ದಿನಕ್ಕೆ 2.1 ಕೆಜಿ. ಇಷ್ಟಕ್ಕೆ ಕಬ್ಬಿಣದ ಆಕ್ಸೈಡ್ ಮೀಡಿಯಾ ತುಂಬಿದ ಡ್ರಮ್ ಸಾಕು. ಒಳ್ಳೆ ಮೀಡಿಯಾ ಆದರೂ ತನ್ನ ತೂಕದ ಐದನೇ ಒಂದು ಪಾಲಿನಷ್ಟು ಎಚ್‌ಟುಎಸ್ ಹಿಡಿಯುತ್ತೆ ಅಂತ ಇಟ್ಟುಕೊಳ್ಳಿ, ದಿನಕ್ಕೆ ಹತ್ತು ಕೆಜಿ, ತಿಂಗಳಿಗೆ 300 ಕೆಜಿ ಮೀಡಿಯಾ ಹೋಗುತ್ತೆ. ಈ ಖರ್ಚು ನೋಡಿಯೇ ಜನ ಕೈಬಿಡುವುದು. ಅದಕ್ಕೇ ಡ್ರಮ್ಮಿಗೆ ಬರುವ ಮೊದಲೇ, ಡೈಜೆಸ್ಟರ್ (ಸಗಣಿ ಕೊಳೆತು ಗ್ಯಾಸ್ ಆಗುವ ಟ್ಯಾಂಕ್) ಒಳಗೇ ಗಂಧಕ ಇಳಿಸಬೇಕು. ಒಳಗೆ 500 ಪಿಪಿಎಂಗೆ ಇಳಿಸಿದರೆ ಡ್ರಮ್ಮಿನ ಪಾಲಿಗೆ ದಿನಕ್ಕೆ 350 ಗ್ರಾಂ ಎಚ್‌ಟುಎಸ್ ಅಷ್ಟೇ, ಮೀಡಿಯಾ ಎರಡು ಕೆಜಿಯೂ ಬೇಡ.

ಡ್ರಮ್ ಎರಡು ಇರಲಿ, ಒಂದರ ಹಿಂದೆ ಒಂದು. ಮೊದಲನೆಯದರಿಂದ ಗ್ಯಾಸ್ ಹೊರಬರುವ ಬಾಯಲ್ಲಿ ಎಚ್‌ಟುಎಸ್ ಕಾಣಿಸಿಕೊಂಡಾಗ ಎರಡನೆಯದನ್ನು ಮುಂದೆ ಮಾಡಿ, ಹೊಸದು ತುಂಬಿದ್ದನ್ನು ಹಿಂದೆ ಹಾಕಿ. ಎರಡು ಡ್ರಮ್ಮಿನ ಮಧ್ಯದಲ್ಲಿ ಗ್ಯಾಸ್ ಸ್ಯಾಂಪಲ್ ಹಿಡಿಯಲು ಒಂದು ನಲ್ಲಿ ಇಡಿಸಲು ಮರೆಯಬೇಡಿ, ಅದಿಲ್ಲದೆ ಯಾವುದು ಯಾವಾಗ ತುಂಬಿತು ಅಂತ ಗೊತ್ತೇ ಆಗಲ್ಲ. ಗ್ಯಾಸ್ ಮೀಡಿಯಾದಲ್ಲಿ ಒಂದು ನಿಮಿಷವಾದರೂ ನಿಲ್ಲಬೇಕು. ಇಡೀ ದಿನ ಒಂದೇ ಸಮ ಓಡಿಸಿದರೆ ಒಂದೊಂದು ಡ್ರಮ್ಮಿನಲ್ಲಿ 350 ಲೀಟರ್ ಮೀಡಿಯಾ ಸಾಕು. ಕರೆಂಟ್ ಇರುವ 10 ಗಂಟೆಯಲ್ಲೇ ಎಲ್ಲಾ ಮುಗಿಸುತ್ತೀರಾ? ಹಾಗಾದರೆ ಗಂಟೆಗೆ 50 ಘನ ಮೀಟರ್, ಡ್ರಮ್ 830 ಲೀಟರ್ ಆಗಬೇಕು. ಕೊಟೇಶನ್‌ನಲ್ಲಿ ಇದನ್ನು ಯಾರೂ ಕೇಳಿರಲ್ಲ, ನೋಡಿ. ಡ್ರಮ್ಮಿಗೆ ನೆರಳು ಮಾಡಿ. ಮೀಡಿಯಾ ತೀರಾ ಕಾದು ಒಣಗಿದರೆ ಗಂಧಕ ಹಿಡಿಯುವುದು ನಿಲ್ಲಿಸುತ್ತದೆ, ಅದಕ್ಕೆ ಸ್ವಲ್ಪ ತೇವ ಬೇಕೇ ಬೇಕು.

ಸಿಂಧನೂರು_ಅಕ್ಕ:

ಮೇಲಿನವರು ಹೇಳಿದ್ದು ಸರಿ. ನಾವೂ ಸಿಂಧನೂರು ಕಡೆ ಚಿಕ್ಕ ಪ್ಲಾಂಟ್ ನೋಡಿಕೊಳ್ಳುತ್ತೇವೆ. ಒಂದು ಎಚ್ಚರಿಕೆ ಸೇರಿಸುತ್ತೇನೆ. ಗಂಧಕ ಇಳಿಸಲು ಡೈಜೆಸ್ಟರ್ ಮೇಲ್ಭಾಗಕ್ಕೆ ಸ್ವಲ್ಪ ಗಾಳಿ ಬಿಡಿ ಅಂತ ಬಹಳ ಜನ ಹೇಳುತ್ತಾರೆ. ಎಂಜಿನ್‌ಗೆ, ಒಲೆಗೆ ಆದರೆ ಅದು ಒಳ್ಳೆ ಉಪಾಯ, ಅಲ್ಲಿನ ಬ್ಯಾಕ್ಟೀರಿಯಾ ಗಾಳಿಯ ಆಮ್ಲಜನಕ ತಗೊಂಡು ಎಚ್‌ಟುಎಸ್ ಅನ್ನು ಹಳದಿ ಗಂಧಕ ಮಾಡುತ್ತವೆ. ಆದರೆ ನೀವು ಸಿಬಿಜಿ ಮಾಡಲು ಹೊರಟವರು. ಗಾಳಿಯಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಜಾಸ್ತಿ ನೈಟ್ರೋಜನ್. ಅದು ಬ್ಯಾಕ್ಟೀರಿಯಾಕ್ಕೂ ಬೇಡ, ನೀರಲ್ಲೂ ಕರಗಲ್ಲ, ನೇರ ಸಿಲಿಂಡರ್‌ವರೆಗೆ ಬರುತ್ತೆ. ನಿಮ್ಮ 500ಕ್ಕೆ 20 ಘನ ಮೀಟರ್ ಗಾಳಿ ಬಿಟ್ಟರೆ 16 ಘನ ಮೀಟರ್ ನೈಟ್ರೋಜನ್ ಉಳಿಯುತ್ತೆ. ಕಾರ್ಬನ್ ಡೈಆಕ್ಸೈಡ್ ತೆಗೆದ ಮೇಲೆ ಅದು ಶೇಕಡಾ 5ರ ಹತ್ತಿರ ಬಂದು ಕೂರುತ್ತೆ.

ಸಿಬಿಜಿಗೆ ಐಎಸ್ 16087:2016 ಅಂತ ಮಾನದಂಡ ಇದೆ. ಮೀಥೇನ್ ಕನಿಷ್ಠ 90 ಶೇಕಡಾ, ಕಾರ್ಬನ್ ಡೈಆಕ್ಸೈಡ್ 4ರ ಒಳಗೆ, ಆಮ್ಲಜನಕ 0.5ರ ಒಳಗೆ, ಗಂಧಕ ಘನ ಮೀಟರಿಗೆ 20 ಮಿಲಿಗ್ರಾಂ ಒಳಗೆ, ತೇವ 5 ಮಿಲಿಗ್ರಾಂ ಒಳಗೆ. ಗಾಳಿ ಬಿಟ್ಟವರು ಮೀಥೇನ್ 90 ದಾಟಿಸಲು ಒದ್ದಾಡುತ್ತಾರೆ. ಇನ್ನೊಂದು, ಮೀಥೇನ್ ಗಾಳಿಯಲ್ಲಿ 5ರಿಂದ 15 ಶೇಕಡಾ ಇದ್ದರೆ ಕಿಡಿ ತಾಗಿದರೆ ಸಿಡಿಯುತ್ತೆ. ಗ್ಯಾಸ್ ಬರುವುದು ನಿಂತು ಗಾಳಿ ಬ್ಲೋವರ್ ಮಾತ್ರ ಓಡುತ್ತಿದ್ದರೆ ಏನಾಗುತ್ತೆ ಯೋಚಿಸಿ. ನಿಮಗೆ ಗಾಳಿಯ ದಾರಿ ಬೇಡ.

ಕಾರಟಗಿ_ಗೋಬರ್:

ತುಂಬಾ ಥ್ಯಾಂಕ್ಸ್ ಅಣ್ಣ, ಅಕ್ಕ. ಕಿಲೋ ಲೆಕ್ಕ ಇದುವರೆಗೆ ಯಾರೂ ಹೇಳಿರಲಿಲ್ಲ. ಹಾಗಾದರೆ ಗಾಳಿ ಇಲ್ಲದೆ ಡೈಜೆಸ್ಟರ್ ಒಳಗೆ ಗಂಧಕ ಇಳಿಸೋದು ಹೇಗೆ? ಕಬ್ಬಿಣ ಹಾಕಬೇಕು ಅಂತ ಕೇಳಿದ್ದೇನೆ. ಭತ್ತದ ಗದ್ದೆಗೆ ತಂದ ಅನ್ನಭೇದಿ ನಮ್ಮಲ್ಲಿ ಮೂಟೆಗಟ್ಟಲೆ ಇದೆ, ಅದೂ ಕಬ್ಬಿಣವೇ ಅಲ್ವಾ, ಅದನ್ನೇ ಸಗಣಿ ಜೊತೆ ಕಲಸಿದರೆ?

ಮಾನ್ವಿ_ಮೇಷ್ಟ್ರು:

ಅನ್ನಭೇದಿ ದಯವಿಟ್ಟು ಹಾಕಬೇಡಿ. ನಾನು ಕೆಮಿಸ್ಟ್ರಿ ಪಾಠ ಮಾಡುವವನು, ಇದು ನನಗೆ ಗೊತ್ತಿರುವ ವಿಷಯ. ಅನ್ನಭೇದಿ ಅಂದರೆ ಫೆರಸ್ ಸಲ್ಫೇಟ್. ಅದರಲ್ಲಿ ಒಂದು ಕಬ್ಬಿಣಕ್ಕೆ ಒಂದು ಸಲ್ಫೇಟ್ ಇರುತ್ತದೆ. ಗಾಳಿ ಇಲ್ಲದ ಡೈಜೆಸ್ಟರ್‌ನಲ್ಲಿ ಬ್ಯಾಕ್ಟೀರಿಯಾ ಆ ಸಲ್ಫೇಟನ್ನು ಎಚ್‌ಟುಎಸ್ ಮಾಡುತ್ತವೆ. ಹೋದ ಕಬ್ಬಿಣ ತಾನೇ ತಂದ ಗಂಧಕವನ್ನು ಹಿಡಿಯುವುದರಲ್ಲೇ ಮುಗಿಯುತ್ತದೆ, ನಿಮ್ಮ ಸಗಣಿಯ ಗಂಧಕ ಹಾಗೇ ಉಳಿಯುತ್ತದೆ. ಬೇಕಾದ್ದು ಸಲ್ಫೇಟ್ ಇಲ್ಲದ ಕಬ್ಬಿಣ, ಅಂದರೆ ಫೆರಿಕ್ ಕ್ಲೋರೈಡ್ ದ್ರಾವಣ ಅಥವಾ ಕಬ್ಬಿಣದ ಹೈಡ್ರಾಕ್ಸೈಡ್ ಪುಡಿ. ಪುಡಿ ದುಬಾರಿ, ಆದರೆ ಕೈ ಸುಡಲ್ಲ. ಫೆರಿಕ್ ಕ್ಲೋರೈಡ್ ಕಬ್ಬಿಣದ ಪೈಪನ್ನೇ ತಿನ್ನುತ್ತೆ, ಪ್ಲಾಸ್ಟಿಕ್ ಪಂಪ್, ಪ್ಲಾಸ್ಟಿಕ್ ಪೈಪ್ ಬೇಕು. ಅದು ಆಮ್ಲ, ಒಂದೇ ಸಲ ಕೊಡದಲ್ಲಿ ಸುರಿದರೆ ಸ್ಲರಿಯಲ್ಲಿ ಕರಗಿದ್ದ ಎಚ್‌ಟುಎಸ್ ಬುಸ್ ಅಂತ ಎದ್ದು ಬರುತ್ತದೆ. ಹನಿ ಹನಿಯಾಗಿ, ಇಡೀ ದಿನಕ್ಕೆ ಹಂಚಿ ಬಿಡಬೇಕು.

ಅದಕ್ಕಿಂತ ಮುಂಚೆ ಒಂದು ಪ್ರಶ್ನೆ. ಸಗಣಿ ಕಲಸಲು ಯಾವ ನೀರು ಹಾಕುತ್ತೀರಿ? ನಮ್ಮ ಕಡೆ ಬೋರ್ ನೀರು ಬಹಳ ಕಡೆ ಸವಳು. ಅದರಲ್ಲಿ ಉಪ್ಪಿನ ಜೊತೆ ಸಲ್ಫೇಟೂ ಇರುತ್ತದೆ. ಕುಡಿಯುವ ನೀರಿನ ಮಾನದಂಡದಲ್ಲಿ ಸಲ್ಫೇಟ್ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 400ರವರೆಗೆ ಒಪ್ಪುತ್ತಾರೆ. ನಿಮ್ಮ ಬೋರ್‌ನಲ್ಲಿ 300 ಇದೆ ಅಂದುಕೊಳ್ಳಿ. ದಿನಕ್ಕೆ 10,000 ಲೀಟರ್ ಹಾಕಿದರೆ 3 ಕೆಜಿ ಸಲ್ಫೇಟ್ ಒಳಗೆ ಹೋಯಿತು, ಅದರಿಂದ 1 ಕೆಜಿಗೂ ಮೇಲೆ ಎಚ್‌ಟುಎಸ್ ಹುಟ್ಟಬಹುದು. ಮೇಲೆ ನಿಮ್ಮ ಒಟ್ಟು ಲೆಕ್ಕ 2.1 ಕೆಜಿ ಅಂತ ಬಂದಿದೆ. ಅರ್ಧದಷ್ಟು ಗಂಧಕವನ್ನು ನೀವೇ ಮೋಟರ್ ಹಾಕಿ ಒಳಗೆ ಕಳಿಸುತ್ತಿರಬಹುದು! ಎಲ್ಲವೂ ಗ್ಯಾಸ್ ಆಗಿ ಬರಲ್ಲ, ಸ್ವಲ್ಪ ಸ್ಲರಿಯಲ್ಲೇ ಉಳಿಯುತ್ತದೆ, ಆದರೂ ಇದು ಸಣ್ಣ ವಿಷಯ ಅಲ್ಲ. ಕಾರಟಗಿ ಎಡದಂಡೆ ಕಾಲುವೆ ಸೀಮೆ. ಕಾಲುವೆ ನೀರು ಬರುವ ತಿಂಗಳುಗಳಲ್ಲಿ ಅದನ್ನೇ ಹಾಕಿ ನೋಡಿ, ಇಲ್ಲವೇ ಸ್ಲರಿ ಸೋಸಿದ ನೀರನ್ನು ಒಂದಿಷ್ಟು ವಾಪಸ್ ಬಳಸಿ. ಪೂರ್ತಿ ವಾಪಸ್ ಬೇಡ, ಕೋಳಿಗೊಬ್ಬರ ಇರುವುದರಿಂದ ಅಮೋನಿಯಾ ಏರಿ ಗ್ಯಾಸ್ ಬರುವುದೇ ಕಡಿಮೆ ಆಗುತ್ತದೆ.

ಸಂಡೂರು ಅದಿರಿನ ವಿಷಯ. ಅದು ಹೆಮಟೈಟ್, ಗಟ್ಟಿ ಹರಳು. ಕಬ್ಬಿಣದ ಪ್ರಮಾಣ ಜಾಸ್ತಿ ಇದ್ದರೂ ಗ್ಯಾಸ್ ಒಳಗೆ ಇಳಿಯುವಷ್ಟು ಸೂಕ್ಷ್ಮ ರಂಧ್ರ ಇಲ್ಲ, ಮೇಲ್ಮೈ ಮಾತ್ರ ಕಪ್ಪಾಗಿ ಅಲ್ಲಿಗೇ ನಿಲ್ಲುತ್ತದೆ. ಪುಡಿಯಾಗಿಯೇ ತುಂಬಿದರೆ ಗ್ಯಾಸ್ ದಾಟಲೂ ಬಿಡಲ್ಲ. ಗಂಧಕ ಚೆನ್ನಾಗಿ ಹಿಡಿಯುವುದು ನೀರು ಸೇರಿದ ಕಬ್ಬಿಣದ ಆಕ್ಸೈಡ್, ಅಂದರೆ ತುಕ್ಕಿನ ಜಾತಿಯದು. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ಊರುಗಳಲ್ಲಿ ಕಲ್ಲಿದ್ದಲು ಗ್ಯಾಸ್‌ನಿಂದ ಬೀದಿ ದೀಪ ಉರಿಸುತ್ತಿದ್ದಾಗಲೂ ಜೌಗು ಭೂಮಿಯಲ್ಲಿ ಸಿಗುವ ಇಂಥ ಮೆತ್ತನೆ ಅದಿರನ್ನೇ ಪೆಟ್ಟಿಗೆಗಳಲ್ಲಿ ಹಾಸಿ ಗ್ಯಾಸ್ ಹಾಯಿಸುತ್ತಿದ್ದರು. ಲೇತ್ ಸುರುಳಿ ಎಣ್ಣೆ ತೊಳೆದು, ಬಿಸಿಲಲ್ಲಿ ನೀರು ಚಿಮುಕಿಸಿ ತುಕ್ಕು ಹಿಡಿಸಿದರೆ ಕೆಲಸ ಮಾಡುತ್ತೆ. ಆದರೆ ತುಕ್ಕು ತೆಳುವು, ಬೇಗ ಮುಗಿಯುತ್ತೆ. ಮನೆ ಒಲೆಯ ಗೋಬರ್ ಗ್ಯಾಸ್‌ಗೆ ಸರಿ. ದಿನಕ್ಕೆ 2 ಕೆಜಿಗೆ ಸಾಲಲ್ಲ.

ತೋರಣಗಲ್ಲು_ಶಿಫ್ಟ್_ಬಿ:

ನಾನು ಕೋಕ್ ಓವನ್ ಗ್ಯಾಸ್ (ಕಲ್ಲಿದ್ದಲು ಕಾಯಿಸಿದಾಗ ಬರುವ ಗ್ಯಾಸ್) ಕಡೆ ಕೆಲಸ ಮಾಡುವವನು. ಅದರಲ್ಲೂ ಇದೇ ಎಚ್‌ಟುಎಸ್. ಇಲ್ಲಿವರೆಗೆ ಯಾರೂ ಜೀವದ ಮಾತು ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕೊಳೆತ ಮೊಟ್ಟೆ ವಾಸನೆ ಬಂದರೆ ಎಚ್‌ಟುಎಸ್ ಇದೆ ಅಂತ ಎಲ್ಲರಿಗೂ ಗೊತ್ತು. 100 ಪಿಪಿಎಂ ಹತ್ತಿರ ಹೋದರೆ ಮೂಗು ಸತ್ತುಹೋಗುತ್ತದೆ, ವಾಸನೆಯೇ ಬರಲ್ಲ, ವಾಸನೆ ಹೋಯಿತು ಅಂತ ಜನ ಒಳಗೆ ಇಳಿಯುತ್ತಾರೆ. 500 ದಾಟಿದರೆ ನಿಂತಲ್ಲೇ ಬೀಳಬಹುದು. 1,000ದಲ್ಲಿ ಒಂದೆರಡು ಉಸಿರು ಸಾಕು. ನಿಮ್ಮ ಪೈಪಿನಲ್ಲಿ ಇರುವುದು 3,000.

ಈ ಗ್ಯಾಸ್ ಗಾಳಿಗಿಂತ ಭಾರ, ಗುಂಡಿಯಲ್ಲಿ, ಚೇಂಬರ್‌ನಲ್ಲಿ, ಸ್ಲರಿ ಟ್ಯಾಂಕ್‌ನಲ್ಲಿ ತಳಕ್ಕೆ ಕೂತಿರುತ್ತೆ. ಒಬ್ಬ ಇಳಿದು ಬೀಳುತ್ತಾನೆ, ಎತ್ತಲು ಅಣ್ಣನೋ ತಮ್ಮನೋ ಇಳಿಯುತ್ತಾನೆ, ಅವನೂ ಬೀಳುತ್ತಾನೆ. ದೇಶದಲ್ಲಿ ಗುಂಡಿ, ಚರಂಡಿಗಳಲ್ಲಿ ಎರಡು ಮೂರು ಜನ ಒಟ್ಟಿಗೆ ಸಾಯುವುದು ಬಹುಪಾಲು ಹೀಗೇ. ಕಾಲರ್‌ಗೆ ಸಿಕ್ಕಿಸಿಕೊಳ್ಳುವ ಎಚ್‌ಟುಎಸ್ ಅಲಾರಂ ಬರುತ್ತೆ. ಪ್ಲಾಂಟ್‌ಗೆ ಬರುವ ಪ್ರತಿಯೊಬ್ಬನ ಕುತ್ತಿಗೆಯಲ್ಲೂ ಅದು ಇರಲಿ. ಪಿಎಸ್‌ಎಗಿಂತ ಮೊದಲು ಅದನ್ನು ತಗೊಳ್ಳಿ. ಬಿದ್ದವರನ್ನು ಎತ್ತಲು ಯಾರೂ ಬರಿ ಮೈಯಲ್ಲಿ ಇಳಿಯಬಾರದು, ಈ ಮಾತನ್ನು ಕೂಲಿಯವರಿಗೂ ಕೂರಿಸಿ ಹೇಳಿ.

ಸಿಲಿಂಡರ್ ತುಂಬುವವರಿಗೆ ಇನ್ನೊಂದು. 200 ಬಾರ್‌ನಷ್ಟು ಒತ್ತಡದಲ್ಲಿ ತುಂಬುವ ಉಕ್ಕಿನ ಸಿಲಿಂಡರ್‌ನಲ್ಲಿ ಎಚ್‌ಟುಎಸ್ ಮತ್ತು ತೇವ ಒಟ್ಟಿಗೆ ಇದ್ದರೆ ಉಕ್ಕು ಒಳಗಿಂದ ಬಿರುಕು ಬಿಡುತ್ತದೆ, ಹೊರಗೆ ಕಾಣಿಸಲ್ಲ. 20 ಮಿಲಿಗ್ರಾಂ ಮಿತಿ ಇಟ್ಟಿರುವುದು ಸುಮ್ನೆ ಅಲ್ಲ. ತುಂಬುವ ಕೆಲಸಕ್ಕೆ ಪೆಸೊ (ಸ್ಫೋಟಕ, ಗ್ಯಾಸ್ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ಪರವಾನಗಿ ಬೇಕೇ ಬೇಕು, ಅದು ಬರುವವರೆಗೆ ಟ್ರಯಲ್ ಅಂತಲೂ ಒಂದು ಸಿಲಿಂಡರ್ ತುಂಬಬೇಡಿ.

ಸಿಂಧನೂರು_ಅಕ್ಕ:

ಒಳ್ಳೆ ಮಾತು ಹೇಳಿದಿರಿ ಅಣ್ಣ.

ನೀರಿನ ಸ್ಕ್ರಬ್ಬರ್ ಬಗ್ಗೆ ಕೇಳಿದ್ದರಲ್ಲ. ಎಚ್‌ಟುಎಸ್ ನೀರಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಚೆನ್ನಾಗಿ ಕರಗುತ್ತೆ, ಆದ್ದರಿಂದ ಎರಡೂ ಹೋಗುತ್ತೆ ಅನ್ನುವುದು ಸುಳ್ಳಲ್ಲ. ಆದರೆ ಹೋಗಿದ್ದು ಎಲ್ಲಿಗೆ? ಆ ನೀರನ್ನು ಮತ್ತೆ ಬಳಸಲು ಗಾಳಿ ಊದುತ್ತಾರೆ, ಆಗ ಎಚ್‌ಟುಎಸ್ ಅಲ್ಲೇ ಹೊರಗೆ ಬರುತ್ತೆ, ಪಕ್ಕದ ಗಿರಣಿಯವರು ಜಗಳಕ್ಕೆ ಬರುತ್ತಾರೆ. ಸ್ವಲ್ಪ ಗಂಧಕ ಹಳದಿಯಾಗಿ ಕಾಲಂ ಒಳಗೇ ಕಟ್ಟಿಕೊಳ್ಳುತ್ತೆ. ಸ್ಕ್ರಬ್ಬರ್ ತಗೊಂಡರೂ ಅದಕ್ಕಿಂತ ಮುಂಚೆ ಗಂಧಕ ತೆಗೆಯಿರಿ.

ನಮ್ಮ ಬೇಸಿಗೆಯ ಲೆಕ್ಕವನ್ನೂ ಯಾರೂ ಹಾಕಲ್ಲ. ಬೇರೆ ಊರಿನ ಹವಾಮಾನಕ್ಕೆ ಮಾಡಿದ ಡಿಸೈನ್ ತಂದು ಇಲ್ಲಿ ನಿಲ್ಲಿಸುತ್ತಾರೆ. ಒಂದು ಲೀಟರ್ ನೀರು 25 ಡಿಗ್ರಿಯಲ್ಲಿ ಸುಮಾರು 1.45 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹಿಡಿಯುತ್ತೆ, 40 ಡಿಗ್ರಿಯಲ್ಲಿ 1 ಗ್ರಾಂಗೆ ಇಳಿಯುತ್ತೆ. ಇದು ಮಾಮೂಲಿ ಒತ್ತಡದಲ್ಲಿ. ಸ್ಕ್ರಬ್ಬರ್‌ನಲ್ಲಿ ಒತ್ತಡ 8–10 ಬಾರ್ ಇದ್ದರೂ ಇಳಿಯುವ ಪಾಲು ಹೆಚ್ಚುಕಡಿಮೆ ಅಷ್ಟೇ. ಏಪ್ರಿಲ್, ಮೇನಲ್ಲಿ ರಾಯಚೂರು ಕಡೆ ತೆರೆದ ಟ್ಯಾಂಕಿನ ನೀರು ಮುಟ್ಟಿ ನೋಡಿ. ಮೂರನೇ ಒಂದು ಪಾಲು ಸಾಮರ್ಥ್ಯ ಹೋಯಿತು ಅಂದರೆ ಒಂದೂವರೆ ಪಟ್ಟು ನೀರು ಪಂಪ್ ಮಾಡಬೇಕು, ಇಲ್ಲ ಚಿಲ್ಲರ್ ಇಡಬೇಕು, ಎರಡಕ್ಕೂ ಕರೆಂಟ್ ಬಿಲ್. ಸವಳು ನೀರಾದರೆ ಕಾಲಂ ಒಳಗೆ ಸುಣ್ಣ ಕಟ್ಟುವುದು ಬೇರೆ. ನಿಮ್ಮ ಅಳತೆಗೆ ನನ್ನ ಮತ ಪಿಎಸ್‌ಎಗೆ, ಗಂಧಕ ಮೊದಲೇ ತೆಗೆಯುತ್ತೀರಿ ಅನ್ನುವುದಾದರೆ ಮಾತ್ರ. ಕಬ್ಬಿಣದ ಡ್ರಮ್ ಆದ ಮೇಲೆ, ಪಿಎಸ್‌ಎಗೆ ಮುಂಚೆ, ಒಂದು ಚಿಕ್ಕ ಆಕ್ಟಿವೇಟೆಡ್ ಕಾರ್ಬನ್ ಡಬ್ಬಿ ಇಡಿ, ಡ್ರಮ್ ಕೈಕೊಟ್ಟ ದಿನ ಅದು ಕಾಪಾಡುತ್ತೆ.

ತೇವಕ್ಕೆ ಚಿಲ್ಲರ್ ಒಂದೇ ಸಾಕು ಅಂದರೆ ನಂಬಬೇಡಿ. ಗ್ಯಾಸನ್ನು 3 ಡಿಗ್ರಿಗೆ ತಣಿಸಿದರೂ ಮಾಮೂಲಿ ಒತ್ತಡದಲ್ಲಿ ಘನ ಮೀಟರಿಗೆ ಸುಮಾರು 6 ಗ್ರಾಂ ನೀರು ಉಳಿದಿರುತ್ತೆ. ಬೇಕಾದ್ದು 5 ಮಿಲಿಗ್ರಾಂ. ಕೊನೆಯಲ್ಲಿ ಮಾಲಿಕ್ಯುಲರ್ ಸೀವ್ ಡ್ರೈಯರ್ (ತೇವ ಹೀರುವ ಕಾಳು ತುಂಬಿದ ಯಂತ್ರ) ಬೇಕು. ಕೊಟೇಶನ್‌ನಲ್ಲಿ ಅದು ಇದೆಯಾ ನೋಡಿ.

ಕಾರಟಗಿ_ಗೋಬರ್:

ಎಲ್ಲರಿಗೂ ಕೈಮುಗಿದು ಹೇಳುತ್ತೇನೆ, ಇಷ್ಟು ವಿಷಯ ಯಾವ ಕಂಪನಿಯವರೂ ಹೇಳಿರಲಿಲ್ಲ. ಮೇಷ್ಟ್ರೇ, ನೀವು ಕೇಳಿದ್ದು ಸರಿಯಾಗಿದೆ, ನಾವು ಹಾಕುತ್ತಿರುವುದು ಬೋರ್ ನೀರೇ, ಬಾಯಿಗೆ ಹಾಕಿದರೆ ಉಪ್ಪುಪ್ಪು. ಅಲಾರಂ ಇವತ್ತೇ ಆರ್ಡರ್ ಮಾಡಿದೆ. ಬೋರ್ ನೀರು, ಕಾಲುವೆ ನೀರು ಎರಡನ್ನೂ ಟೆಸ್ಟ್‌ಗೆ ಕಳಿಸುತ್ತೇವೆ. ಇನ್ನೊಂದೇ ಒಂದು ಪ್ರಶ್ನೆ, ಹಳೇ ಮೀಡಿಯಾ ಏನು ಮಾಡೋದು? ಚೀಲಕ್ಕೆ ತುಂಬಿ ತಿಪ್ಪೆಗೆ ಹಾಕಬಹುದಾ?

ಹಜೀರಾ_ಟು_ಕೊಪ್ಪಳ:

ಚೀಲಕ್ಕೆ ತುಂಬಲೇಬೇಡಿ ಅಣ್ಣ. ಗಂಧಕ ಹಿಡಿದ ಕಬ್ಬಿಣ ಗಾಳಿ ತಾಗಿದ ಕೂಡಲೇ ತಾನೇ ಕಾಯುತ್ತೆ, ರಾಶಿ ಹಾಕಿದರೆ ಹೊತ್ತಿಕೊಳ್ಳುತ್ತೆ. ಡ್ರಮ್ ಬಿಚ್ಚುವ ಮೊದಲು ಅದರೊಳಗಿನ ಗ್ಯಾಸ್ ಪೂರ್ತಿ ಹೊರಗೆ ಹಾಕಿ, ನೀರು ತುಂಬಿ ಮೀಡಿಯಾ ಚೆನ್ನಾಗಿ ನೆನೆಸಿ, ಆಮೇಲೆ ಸಿಮೆಂಟ್ ನೆಲದ ಮೇಲೆ ಅಂಗೈ ದಪ್ಪಕ್ಕೆ ಹರಡಿ. ಹುಲ್ಲಿನ ಬಣವೆ, ಗಿರಣಿಯ ಹೊಟ್ಟು ಯಾವುದೂ ಹತ್ತಿರ ಇರಬಾರದು. ಕೆಲವು ದಿನ ನೀರು ಚಿಮುಕಿಸುತ್ತಾ ಮಗುಚುತ್ತಾ ಇದ್ದರೆ ಕಪ್ಪು ಹೋಗಿ ಮತ್ತೆ ಕೆಂಪಾಗುತ್ತೆ, ಹಳದಿ ಗಂಧಕ ಅದರಲ್ಲೇ ಉಳಿಯುತ್ತೆ. ಹಾಗೆ ಕೆಂಪಾದದ್ದನ್ನು ಇನ್ನೊಮ್ಮೆ ಬಳಸಬಹುದು, ಪ್ರತಿ ಸಲ ಶಕ್ತಿ ಕಡಿಮೆ ಆಗುತ್ತೆ. ಕೊನೆಗೆ ಎಲ್ಲಿ ಹಾಕಬೇಕು ಅನ್ನುವುದನ್ನು ಮೀಡಿಯಾ ಮಾರಿದವರಿಂದ, ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಬರಹದಲ್ಲಿ ಕೇಳಿ ತಗೊಳ್ಳಿ.

ಮತ್ತೆ, ಕೊಟೇಶನ್‌ನಲ್ಲಿ ಒಂದು ಸಾಲು ಬರೆಸಿ: ಒಳಗೆ 3,000 ಪಿಪಿಎಂ ಬಂದರೂ ಹೊರಗೆ ಗಂಧಕ 20 ಮಿಲಿಗ್ರಾಂ ದಾಟಬಾರದು, ಮೇ ತಿಂಗಳಲ್ಲಿ ಓಡಿಸಿ ತೋರಿಸಬೇಕು, ಆಮೇಲೆ ಕೊನೆಯ ಕಂತು. ಒಪ್ಪದವರನ್ನು ಬಿಟ್ಟುಬಿಡಿ.

ಮಾನ್ವಿ_ಮೇಷ್ಟ್ರು:

ನೀರಿನ ಸ್ಯಾಂಪಲ್ ಬಗ್ಗೆ. ಬೋರ್ ಹತ್ತು ಹದಿನೈದು ನಿಮಿಷ ಓಡಿಸಿ ಆಮೇಲೆ ಹಿಡಿಯಿರಿ, ಪೈಪಿನಲ್ಲಿ ನಿಂತ ನೀರು ಬೇಡ. ಅದೇ ನೀರಲ್ಲಿ ಬಾಟಲಿ ಎರಡು ಮೂರು ಸಲ ತೊಳೆದು, ಗಾಳಿ ಉಳಿಯದ ಹಾಗೆ ಕಂಠದವರೆಗೆ ತುಂಬಿ, ಮುಚ್ಚಳ ಬಿಗಿ ಮಾಡಿ ಅವತ್ತೇ ಲ್ಯಾಬ್‌ಗೆ ಕೊಡಿ. ಫಾರಂನಲ್ಲಿ ಸಲ್ಫೇಟ್ ಅಂತ ಬೇರೆಯಾಗಿ ಬರೆಯಿರಿ, ಬರೆಯದಿದ್ದರೆ ಕೆಲವು ಕಡೆ ಫ್ಲೋರೈಡ್, ಟಿಡಿಎಸ್ ಮಾತ್ರ ನೋಡಿ ಕಳಿಸುತ್ತಾರೆ. ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕಿ, ಫೆರಿಕ್ ಕ್ಲೋರೈಡ್ ಎಷ್ಟು ಬೇಕಾಗುತ್ತದೆ ಅಂತ ಕೂತು ಲೆಕ್ಕ ಹಾಕೋಣ.